ಮಾಟಗಾತಿ ಹುಟ್ಟುವುದು ವಿಚಾರಣೆಯಲ್ಲಿ

ಅಮಾವಾಸ್ಯೆಯ ಮರುದಿನ ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ದಾರಿ ಕೂಡುವಲ್ಲಿ ಹೋಳು ಮಾಡಿದ ಲಿಂಬಿಹಣ್ಣು, ಕುಂಕುಮ, ಒಡೆದ ಕುಂಬಳಕಾಯಿ ಬಿದ್ದಿರುತ್ತವೆ. ಜನ ದಾಟಿ ಹೋಗುತ್ತಾರೆ, ಮಧ್ಯಾಹ್ನದೊಳಗೆ ದನ ತಿಂದು ಮುಗಿಸುತ್ತವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆಮೇಲೆ ಬರುವ ಮಾತಿಗೆ: "ಇದನ್ನ ಯಾರು ಮಾಡ್ಸ್ಯಾರ?"

ನಮ್ಮ ಭಾಷಣಕಾರರು ಮಾಟದ ನಂಬಿಕೆ ಹೋದರೆ ಹಿಂಸೆಯೂ ಹೋಗುತ್ತದೆ ಎನ್ನುತ್ತಾರೆ. ಇತಿಹಾಸ ನೋಡಿದರೆ ಹಾಗಿಲ್ಲ. ಯುರೋಪಿನಲ್ಲಿ ಮಾಟಗಾತಿ ಎಂದು ಕೊಲ್ಲುವುದು ನಿಂತಾಗಲೂ ಜನ ಮಾಟವನ್ನು ನಂಬುತ್ತಲೇ ಇದ್ದರು. ಮೊದಲು ಬದಲಾದದ್ದು ಪ್ರಶ್ನೆ ಕೇಳುವ ರೀತಿ.

ಇದು ಕತ್ತಲ ಕಾಲದ ಅಡವಿ ಜನರ ಕೆಲಸ ಎಂಬ ಕಲ್ಪನೆಯೂ ತಪ್ಪು. ಅಲ್ಲಿ ಮಾಟಗಾತಿಯರ ಬೇಟೆ ಜೋರಾಗಿದ್ದದ್ದು ಸುಮಾರು 1560ರಿಂದ 1630ರವರೆಗೆ, ಅಚ್ಚಿನ ಮೊಳೆ ಬಂದು ನೂರು ವರ್ಷವಾದ ಮೇಲೆ. ಸತ್ತವರು ಅಂದಾಜು 40,000ದಿಂದ 60,000. ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಹೆಚ್ಚಿನವರನ್ನು ಕೊಂದದ್ದು ಗುಂಪಲ್ಲ, ಕೋರ್ಟು. ಗುಮಾಸ್ತ ಕುಳಿತು ಬರೆದಿಟ್ಟಿದ್ದಾನೆ, ಅದಕ್ಕೇ ನಮಗೆ ಇಷ್ಟು ಗೊತ್ತು.

ಜರ್ಮನ್ ಸೀಮೆಗಳಿಗೆ 1532ರಲ್ಲಿ ಬಂದ ದಂಡಸಂಹಿತೆ ಓದಲು ಚೆನ್ನಾಗಿಯೇ ಇತ್ತು: ದೊಡ್ಡ ಶಿಕ್ಷೆಗೆ ಇಬ್ಬರು ಕಣ್ಣಾರೆ ಕಂಡ ಸಾಕ್ಷಿ ಬೇಕು, ಇಲ್ಲವೇ ತಪ್ಪೊಪ್ಪಿಗೆ ಬೇಕು. ಮಾಟವನ್ನು ಕಣ್ಣಾರೆ ಕಂಡವರಿಲ್ಲ. ಉಳಿದದ್ದು ತಪ್ಪೊಪ್ಪಿಗೆ ಒಂದೇ. ಇದು ವಿಶೇಷ ಅಪರಾಧ ಎಂದು ಹೇಳಿ ಚಿತ್ರಹಿಂಸೆಗಿದ್ದ ಮಿತಿಯನ್ನೂ ತೆಗೆದುಹಾಕಿದರು. ಬಾಂಬೆರ್ಗ್ ಊರಿನ ಮೇಯರ್ ಯೋಹಾನೆಸ್ ಯೂನಿಯುಸ್ 1628ರ ಜುಲೈನಲ್ಲಿ ಜೈಲಿನಿಂದ ಮಗಳಿಗೆ ಕದ್ದು ಬರೆದ ಕಾಗದ ಉಳಿದಿದೆ. ಬೆರಳು ಜಜ್ಜಿದ್ದರಿಂದ ಕೈ ನೆಟ್ಟಗಿಲ್ಲ. ಹಿಂಸೆ ಕೊಡುವವನೇ ಅವನಿಗೆ ಕೈಮುಗಿದು, ಏನಾದರೂ ಕಟ್ಟಿ ಹೇಳಿಬಿಡು, ಒಪ್ಪುವ ತನಕ ಇವರು ಬಿಡುವುದಿಲ್ಲ ಅಂದನಂತೆ. ಕಟ್ಟಿ ಹೇಳಿದ. ಅಷ್ಟಕ್ಕೆ ಮುಗಿಯಲಿಲ್ಲ, ಮಾಟಗಾರರ ಕೂಟದಲ್ಲಿ ಇನ್ನು ಯಾರಿದ್ದರು ಎಂದು ಓಣಿ ಓಣಿಯ ಹೆಸರು ಹಿಡಿದು ಕೇಳಿದರು. ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಶುರುಮಾಡಿ, ಈ ಓಣಿಯಲ್ಲಿ ಯಾರು, ಮುಂದಿನ ಓಣಿಯಲ್ಲಿ ಯಾರು ಎಂದು ನಮ್ಮನ್ನು ಕೇಳಿದ ಹಾಗೆ. ಒಂದು ಕೇಸಿನಿಂದ ಹತ್ತು ಕೇಸು ಹುಟ್ಟುವುದು ಹೀಗೆ. ಆ ಸೀಮೆಯಲ್ಲಿ 1626ರ ಮೇ ಕೊನೆಗೆ ಬಿದ್ದ ಹಿಮಕ್ಕೆ ದ್ರಾಕ್ಷಿ ತೋಟ ಸುಟ್ಟುಹೋಗಿತ್ತು. ಬೆಳೆ ಹಾಳಾದ ಸಿಟ್ಟಿಗೆ ಒಂದು ಹೆಸರು ಬೇಕಾಗಿತ್ತು.

ಇಂಗ್ಲೆಂಡಿನ ಕಾನೂನಿನಲ್ಲಿ ಚಿತ್ರಹಿಂಸೆಗೆ ಅವಕಾಶವಿರಲಿಲ್ಲ. ಅದಕ್ಕೆ 1645ರಲ್ಲಿ ಮಾಟಗಾತಿ ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಮ್ಯಾಥ್ಯೂ ಹಾಪ್ಕಿನ್ಸ್ ಮುದುಕಿಯರನ್ನು ಸ್ಟೂಲಿನ ಮೇಲೆ ಕೂರಿಸಿ ರಾತ್ರಿಗಟ್ಟಲೆ ನಿದ್ದೆ ಕೆಡಿಸಿದ. ಕೋಣೆಗೆ ನೊಣ ಬಂದರೂ ಅದು ಅವಳು ಸಾಕಿದ ಪಿಶಾಚಿ. ಸ್ಟೋಮಾರ್ಕೆಟ್ ಊರು ಅವನ ಕೆಲಸಕ್ಕೆ 23 ಪೌಂಡ್ ಕೊಟ್ಟಿತು. ಆಗಿನ ಕೂಲಿಗೆ ಅದು ವರ್ಷದ ಗಳಿಕೆಗಿಂತ ಹೆಚ್ಚು.

ಇದಕ್ಕೆ ವಿರುದ್ಧವಾಗಿ ನಡೆದವನೊಬ್ಬನಿದ್ದಾನೆ, ಅವನ ಹೆಸರು ನಮ್ಮಲ್ಲಿ ಯಾರೂ ಎತ್ತುವುದಿಲ್ಲ: ಸ್ಪೇನಿನ ಅಲೊನ್ಸೊ ದೆ ಸಲಜಾರ್. ಇನ್ಕ್ವಿಸಿಷನ್ ಎಂಬ ಧರ್ಮಕೋರ್ಟಿನ ನ್ಯಾಯಾಧಿಕಾರಿ, ನಾಸ್ತಿಕನೇನಲ್ಲ. 1610ರಲ್ಲಿ ಲೊಗ್ರೊನ್ಯೊದಲ್ಲಿ ಮಾಟದ ಆರೋಪಕ್ಕೆ ಆರು ಜನರನ್ನು ಜೀವಂತ ಸುಟ್ಟ ಮೇಲೆ, 1611ರಲ್ಲಿ ಹಳ್ಳಿ ಹಳ್ಳಿ ತಿರುಗಿ 1,800ಕ್ಕೂ ಹೆಚ್ಚು ಮಂದಿಯ ಹೇಳಿಕೆ ತೆಗೆದುಕೊಂಡ. ಬಹುಪಾಲು ಮಕ್ಕಳು. ಕೂಟ ಎಲ್ಲಿ ನಡೆಯಿತು, ಯಾವ ದಾರಿಯಿಂದ ಹೋದಿರಿ ಎಂದು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿದ. ಉತ್ತರ ಒಂದಕ್ಕೊಂದು ತಾಳೆಯಾಗಲಿಲ್ಲ. ಮಾಟದ ಮುಲಾಮು ಎಂದು ತಂದುಕೊಟ್ಟ ಗಡಿಗೆಗಳನ್ನು ವೈದ್ಯರ ಹತ್ತಿರ ಪರೀಕ್ಷಿಸಿ, ಪ್ರಾಣಿಗೂ ತಿನ್ನಿಸಿ ನೋಡಿದ. ಏನೂ ಆಗಲಿಲ್ಲ. ಮಾಟದ ಮಾತು ಶುರುವಾಗುವ ತನಕ ಊರಲ್ಲಿ ಮಾಟಗಾತಿಯರೇ ಇರಲಿಲ್ಲ ಎಂಬ ಅರ್ಥದ ವರದಿ ಬರೆದ. 1614ರಲ್ಲಿ ಹೊಸ ನಿಯಮ ಬಂತು, ಆ ಕೋರ್ಟಿನಲ್ಲಿ ಮಾಟದ ಸುಡುವಿಕೆ ನಿಂತೇಹೋಯಿತು.

ಅಮೆರಿಕದ ಸೇಲಮ್‌ನಲ್ಲೂ ಹಾಗೇ. 1692ರಲ್ಲಿ 19 ಜನರನ್ನು ನೇಣಿಗೆ ಹಾಕಿದರು, ಅಷ್ಟೂ ಮಂದಿ "ನಾನು ಮಾಡಿಲ್ಲ" ಎಂದವರು. ಒಪ್ಪಿಕೊಂಡವರು ಬದುಕಿದರು. "ಅವಳ ನೆರಳು ಬಂದು ಕಾಡಿತು" ಎಂಬ ಸಾಕ್ಷಿ ನಡೆಯುವುದಿಲ್ಲ ಎಂದಾದ ಮೇಲೆ, 1693ರಲ್ಲಿ ಮೂವರನ್ನು ಬಿಟ್ಟು ವಿಚಾರಣೆಗೆ ಬಂದವರೆಲ್ಲ ಖುಲಾಸೆ. ಆ ಮೂವರನ್ನೂ ಗವರ್ನರ್ ಉಳಿಸಿದ.

ಈಗ ನಮ್ಮ ಕಡೆಯ ರೀತಿ ನೋಡ್ರಿ. ಎಮ್ಮಿ ಹಾಲು ಬತ್ತಿತು, ಕೂಸಿಗೆ ಜ್ವರ ಇಳಿಯುತ್ತಿಲ್ಲ. ಕಣಿ ಹೇಳುವವನ ಹತ್ತಿರ ಹೇಳಿಕೆ ಕೇಳಲು ಹೋಗುತ್ತಾರೆ. ಹೇಳುವವನು ಎಂದೂ ಹೆಸರು ಹೇಳುವುದಿಲ್ಲ. "ಮನೀ ಮೂಡಣ ದಿಕ್ಕಿನ್ಯಾಗ, ಗಂಡ ಇಲ್ಲದಾಕಿ, ನಿಮ್ಮ ಕೂಡ ಮಾತು ಬಿಟ್ಟಾಕಿ" ಎನ್ನುತ್ತಾನೆ. ಹೆಸರನ್ನು ತುಂಬುವವರು ಮನೆಯವರೇ. ಹೊಲದ ಪಾಲು ಕೇಳಿದ ವಿಧವೆಯೋ ಕೈಗಡ ವಾಪಸ್ ಕೇಳಿದಾಕೆಯೋ ಆ ಗುರುತಿಗೆ ತಾನಾಗಿ ಹೊಂದುತ್ತಾಳೆ. ಆಮೇಲೆ ಅಂಗಳ ಅಗೆದು ಮೊಳೆ ಚುಚ್ಚಿದ ಲಿಂಬಿಹಣ್ಣು ತೆಗೆಯುತ್ತಾನೆ. ಹಣ್ಣು ತಾಜಾ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ!

ಸಲಜಾರನ ಕೆಲಸವನ್ನು ಎಮ್ಮೆಯ ಹತ್ತಿರವೇ ಮಾಡಬಹುದು. ಗಬ್ಬವಾಗಿದೆಯೇ? ಕರು ಹಾಕಿ ಎಷ್ಟು ತಿಂಗಳಾಯಿತು? ಕೆಚ್ಚಲು ಬಾವು ಒಳಗೊಳಗೇ ಇದ್ದರೆ ಊತ ಕಾಣುವುದಿಲ್ಲ, ಹಾಲು ನೋಡಲು ಸರಿಯಿರುತ್ತದೆ, ಅಳತೆ ಮಾತ್ರ ಇಳಿಯುತ್ತದೆ. ಪಶು ವೈದ್ಯರು ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿಗೆ ಹಿಂಡಿ, ಸಮನಾಗಿ ಪರೀಕ್ಷಾ ದ್ರಾವಣ ಹಾಕಿ ತಿರುಗಿಸುತ್ತಾರೆ. ಬಾವು ಇದ್ದ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಕೆಲವೇ ನಿಮಿಷದ ಕೆಲಸ.

ಮಾಟದ ಹೆಸರಿನ ಹಿಂಸೆ ತಡೆಯುವ ಕಾನೂನು ಬಂದದ್ದು ಸುಮ್ಮನೆ ಅಲ್ಲ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಕೊಲೆಯಾದ ಮೇಲೆ ಮಹಾರಾಷ್ಟ್ರದ್ದು ಬಂತು. ನಮ್ಮ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರದ್ದು, ಜಾರಿಯಾದದ್ದು 2020ರ ಜನವರಿಯಲ್ಲಿ. ನಡುವೆ 2015ರ ಆಗಸ್ಟ್ 30ರಂದು ಧಾರವಾಡದಲ್ಲೇ ಎಂ.ಎಂ. ಕಲಬುರ್ಗಿಯವರ ಕೊಲೆ ಆಗಿಹೋಗಿತ್ತು. ನಮ್ಮ ಕಾಯ್ದೆಯಲ್ಲಿ ಶಿಕ್ಷೆ 1ರಿಂದ 7 ವರ್ಷ, ದಂಡ 5,000ದಿಂದ 50,000 ರೂಪಾಯಿ. ದೆವ್ವ ಬಿಡಿಸುವ ಹೆಸರಲ್ಲಿ ಕಟ್ಟಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅದರಲ್ಲಿ ಬರುತ್ತವೆ. ಬಿಹಾರ, ಜಾರ್ಖಂಡ್ ಕಾಯ್ದೆಗಳಲ್ಲಿ ಹೆಂಗಸನ್ನು ಮಾಟಗಾತಿ ಎಂದು ಗುರುತಿಸುವುದೇ ಅಪರಾಧ, ಆದರೆ ಶಿಕ್ಷೆ ಹೆಚ್ಚೆಂದರೆ 3 ತಿಂಗಳು ಜೈಲು, ಇಲ್ಲವೇ 1,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಷ್ಟಕ್ಕೆ ಯಾರು ಹೆದರುತ್ತಾರೆ?

ದೂರು ಕೆಡುವುದು ಬರೆಯುವಾಗ. "ಬೈದು ಅವಮಾನ ಮಾಡಿದರು" ಎಂದಷ್ಟೇ ಬರೆದರೆ ಅದು ಮಾನಹಾನಿ. ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಠಾಣೆಯಲ್ಲಿ ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಹೊಡೆದದ್ದು, ಹೊಗೆ ಹಾಕಿದ್ದು, ಊರು ಬಿಡಿಸುತ್ತೇವೆ ಎಂದದ್ದು, ಹೇಳಿಕೆಯವನು ಪಡೆದ ದುಡ್ಡು, ಇವನ್ನು ತಾರೀಖು, ವೇಳೆ, ಆಡಿದ ಮಾತು ಇದ್ದ ಹಾಗೇ ಬರೆಯಬೇಕು. 2017ರ ಕಾಯ್ದೆಯ ಹೆಸರನ್ನೂ ಬರೆಯಿರಿ, ಎಷ್ಟೋ ಠಾಣೆಗಳಲ್ಲಿ ಅದು ನೆನಪಿಗೇ ಬರುವುದಿಲ್ಲ. ಗಾಯವಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಕಾನೂನು ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿ. ತುರ್ತಿಗೆ 112. ಮೈಯಲ್ಲಿ ಬಂತು ಎಂದು ಕೂಗಾಡುವವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಫೋನಿನಲ್ಲಾದರೆ 14416.

ಇನ್ನು ಹಿರಿಯರ ರಾಜಿ. "ಗುಡಿ ಮುಟ್ಟಿ ಆಣಿ ಮಾಡಿಬಿಡವಾ, ಮುಗೀತು" ಎನ್ನುತ್ತಾರೆ. ಪಾಪ, ಒಳ್ಳೆ ಮನಸ್ಸಿನಿಂದಲೇ. ಯುರೋಪಿನಲ್ಲಿ ಕೈಕಾಲು ಕಟ್ಟಿ ನೀರಿಗೆ ಇಳಿಸುತ್ತಿದ್ದರು, ತೇಲಿದರೆ ಮಾಟಗಾತಿ. ಆಣೆ ಅದಕ್ಕಿಂತ ಕೆಟ್ಟದ್ದು. ನೀರಿನ ಪರೀಕ್ಷೆ ಅವತ್ತೇ ಮುಗಿಯುತ್ತಿತ್ತು. ಆಣೆ ಮಾಡಿದಾಕೆಯ ಪರೀಕ್ಷೆ ಎದುರು ಮನೆಯ ಮುಂದಿನ ಜ್ವರದ ತನಕ ನಡೆಯುತ್ತಲೇ ಇರುತ್ತದೆ. ಆಣೆ ಮಾಡಬೇಡಿ, ಮಾಡಿಸಲೂಬೇಡಿ. ರಾಜಿ ಆಗಲೇಬೇಕಿದ್ದರೆ ಆರೋಪ ಹೊರಿಸಿದವರು ತಮ್ಮ ಮಾತು ಹಿಂದಕ್ಕೆ ಪಡೆದೆವು ಎಂದು ಬರೆದು ಸಹಿ ಹಾಕಲಿ, ಒಂದು ಪ್ರತಿ ಆಕೆಯ ಕೈಯಲ್ಲಿರಲಿ.