ಇಂದಿರಾನಗರದ ಯುರೋಪಿನಲ್ಲಿ ಬೈ ಟೂ ಇಲ್ಲ

ಅಕ್ಕನ ಮಗಳು ಫೋನ್ ಮಾಡಿ, "ಮಾಮ, ಭಾನುವಾರ ಫ್ರೀ ಇದ್ದೀಯಾ? ಯುರೋಪಿಗೆ ಹೋಗೋಣ" ಅಂದಳು. ಪಾಸ್‌ಪೋರ್ಟ್ ಯಾವ ಟ್ರಂಕಿನಲ್ಲಿದೆ ಅಂತ ನಾನು ಯೋಚಿಸುವಷ್ಟರಲ್ಲಿ, "ಇಂದಿರಾನಗರದಲ್ಲೇ ಇದೆ" ಅಂತ ಸೇರಿಸಿದಳು.

ಹತ್ತಿರ ಇದ್ದರೂ ಯುರೋಪು ತಲುಪುವುದು ಸುಲಭವಲ್ಲ. ಪಾರ್ಕಿಂಗ್ ಹುಡುಕುತ್ತಾ ಹನ್ನೆರಡನೇ ಮೇನ್‌ನಲ್ಲಿ ಮೂರು ಸುತ್ತು ಹಾಕಿದೆವು. ಕೊನೆಗೆ ಟ್ರಾನ್ಸ್‌ಫಾರ್ಮರ್ ಪಕ್ಕ ಸ್ಕೂಟರ್ ಸಿಕ್ಕಿಸಿ, ಅಲುಗಾಡುವ ಕಲ್ಲುಚಪ್ಪಡಿಗಳ ಮೇಲೆ ಕುಂಟೆಬಿಲ್ಲೆ ಆಡುತ್ತಾ ಹೊರಟೆವು. ಫುಟ್‌ಪಾತ್ ಸ್ವಲ್ಪ ನೆಟ್ಟಗಿದ್ದ ಜಾಗದಲ್ಲೇ ಕೆಫೆಯ ದುಂಡು ಮೇಜು, ಕಬ್ಬಿಣದ ಕುರ್ಚಿ, ಪಟ್ಟೆಪಟ್ಟೆ ಛತ್ರಿ. ಪ್ಯಾರಿಸ್ಸಿನಲ್ಲಿ ಹೀಗೇ ರಸ್ತೆ ಬದಿ ಕೂರುತ್ತಾರಂತೆ. ಕೂರುತ್ತಾರೆ, ನಿಜ. ಆದರೆ ಅಲ್ಲಿ ಮೇಜು ಹೊರಗಿಡಲು ನಗರಾಡಳಿತದ ಅನುಮತಿ ಬೇಕು, ಶುಲ್ಕ ಕಟ್ಟಬೇಕು, ನಡೆಯುವವರಿಗೆ ದಾರಿ ಬಿಡಬೇಕು. ನಮ್ಮವರು ಛತ್ರಿಯನ್ನು ಮಾತ್ರ ಆಮದು ಮಾಡಿಕೊಂಡಿದ್ದಾರೆ.

ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇತ್ತು. ಅಷ್ಟಾದರೂ ಕನ್ನಡ ಇರಲೇಬೇಕು ಅನ್ನುವ 2024ರ ತಿದ್ದುಪಡಿ ಕಾನೂನಿನ ಪುಣ್ಯ. ಆದರೆ ಫ್ರೆಂಚ್ ಹೆಸರಿಗೆ ಒತ್ತು ಎಲ್ಲಿ ಕೊಡಬೇಕು ಅಂತ ತಿಳಿಯದೆ, ಬರೆದವನು ಎಲ್ಲಾ ಕಡೆ ಕೊಟ್ಟಿದ್ದ. ಮೂರು ಸಲ ಓದಿದೆ. ಮೂರು ಸಲವೂ ಬೇರೆ ಬೇರೆ ಕೆಫೆ ಬಂತು.

ಒಳಗೆ ಗಾರೆಯಿಲ್ಲದ ಬರೀ ಇಟ್ಟಿಗೆ ಗೋಡೆ. ನಮ್ಮನೆಯಲ್ಲಿ ಗಾರೆ ಉದುರಿದರೆ ಮೇಸ್ತ್ರಿಯನ್ನು ಕರೆಯುತ್ತೇವೆ, ಇಲ್ಲಿ ಗಾರೆ ಉದುರಿಸಲು ಕರೆದಿದ್ದರು. ಮಟಮಟ ಮಧ್ಯಾಹ್ನ ಪರದೆ ಎಳೆದು ಮೇಣದ ಬತ್ತಿ ಹಚ್ಚಿದ್ದರು. ಮೂಲೆಯಲ್ಲೊಂದು ಬೆಂಕಿಗೂಡು, ಅದರೊಳಗೆ ಕೆಂಪು ಬಲ್ಬು. ಅದನ್ನು ನೋಡಿಯೇ ಸೆಕೆ ಆಗಬಾರದು ಅಂತಲೋ ಏನೋ, ಎದುರಿಗೇ ಎಸಿ.

ಮೆನು ಕಾರ್ಡ್ ಇಲ್ಲ. ನಮ್ಮ ಫೋನು, ನಮ್ಮ ಡೇಟಾ, ನಾವೇ ಸ್ಕ್ಯಾನ್ ಮಾಡಿ ಓದಿಕೊಳ್ಳಬೇಕು. ಕಾಫಿ 320 ರೂಪಾಯಿ. ಎರಡು ಸಲ ಕಣ್ಣುಜ್ಜಿ, ಅಪ್ರನ್ ಹಾಕಿದ್ದ ಹುಡುಗನಿಗೆ, "ಒಂದು ಬೈ ಟೂ ಕೊಡಪ್ಪ" ಅಂದೆ.

ಅವನು ನನ್ನನ್ನು ಬಹಳ ಕರುಣೆಯಿಂದ ನೋಡಿದ. "ಸಾರ್, ಇದು ಸಿಂಗಲ್ ಆರಿಜಿನ್."

ಸಿಂಗಲ್ ಅಂದಮೇಲೆ ಇಬ್ಬರು ಕುಡಿಯುವ ಹಾಗಿಲ್ಲ ಅಂದುಕೊಂಡು ಸುಮ್ಮನಾದೆ. ಆ ಆರಿಜಿನ್, ಅಂದರೆ ಕಾಫಿ ಬೀಜ ಬೆಳೆದ ಜಾಗ, ಯಾವುದು ಅಂತ ನೋಡಿದರೆ ಚಿಕ್ಕಮಗಳೂರು! ಬೆಲ್ಲ ಮತ್ತು ಕಿತ್ತಳೆಯ ಸುಳಿವಿದೆ ಅಂತ ಬರೆದಿತ್ತು. ನನ್ನ ನಾಲಿಗೆಗೆ ಸುಳಿವು ಸಿಗಲಿಲ್ಲ. ಸಕ್ಕರೆ ಕೇಳಿದೆ. ಹುಡುಗನ ಕರುಣೆ ಇನ್ನೂ ಜಾಸ್ತಿ ಆಯ್ತು.

ತಮಾಷೆ ಇರುವುದೇ ಇಲ್ಲಿ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯುವುದು ನಮ್ಮ ಕರ್ನಾಟಕ. ಭಾರತದ ಕಾಫಿಗೆ ವರ್ಷಗಳಿಂದ ದೊಡ್ಡ ಗಿರಾಕಿ ಇಟಲಿ. ಆ ಇಟಲಿಯವರು ಅದನ್ನು ಹೇಗೆ ಕುಡಿಯುತ್ತಾರೆ ಗೊತ್ತಾ? ನಿಂತುಕೊಂಡು. ಕೌಂಟರ್‌ಗೆ ಮೊಣಕೈ ಊರಿ, ಎರಡು ಗುಟುಕಿಗೆ ಮುಗಿಸಿ, ಒಂದೂಕಾಲು ಯೂರೋ ಆಸುಪಾಸು ಕೊಟ್ಟು ಹೊರಡುತ್ತಾರೆ. ಕೂತರೆ ಹಲವು ಕಡೆ ರೇಟು ಜಾಸ್ತಿ. ಅಂದರೆ ಬೆಂಗಳೂರಿನಲ್ಲಿ ಅಪ್ಪಟ ಯುರೋಪು ಬೇಕು ಅನ್ನುವವರು ಹೋಗಬೇಕಾದದ್ದು ನಿಂತೇ ತಿಂದು ಕುಡಿಯುವ ನಮ್ಮ ದರ್ಶಿನಿಗೆ! ಅಲ್ಲಿ ಬೆಂಕಿಗೂಡಿಲ್ಲ, ಆದರೆ ಬೆಂಕಿ ಇದೆ.

ಆಮೇಲೆ ಸಾರ್‌ಡೋ ಬ್ರೆಡ್ ಬಂತು. ಹಿಟ್ಟನ್ನು ಗಂಟೆಗಟ್ಟಲೆ ಹುಳಿ ಬರಿಸುತ್ತಾರೆ ಅಂತ ಹುಡುಗ ಹೆಮ್ಮೆಯಿಂದ ವಿವರಿಸಿದ. ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲ ಅಂತ ನಮ್ಮಮ್ಮ ಪಾತ್ರೆಗೆ ಕಂಬಳಿ ಹೊದಿಸುತ್ತಿದ್ದಳು. ಪಾಪ, ಅದಕ್ಕೆ ಯಾವತ್ತೂ ದುಡ್ಡು ಕೇಳಲಿಲ್ಲ. ಬ್ರೆಡ್ಡನ್ನು ಅಕ್ಕನ ಮಗಳು ಹನ್ನೊಂದು ಕೋನಗಳಿಂದ ಫೋಟೋ ತೆಗೆದಳು. ಅಷ್ಟರಲ್ಲಿ ಅದು ಚಾಕುವಿಗೂ ಬಗ್ಗದ ಹಾಗಾಗಿತ್ತು.

ಬಿಲ್ಲಿನಲ್ಲಿ ಜಿಎಸ್‌ಟಿ 5 ಪರ್ಸೆಂಟ್, ಅದರ ಮೇಲೆ ಸರ್ವಿಸ್ ಚಾರ್ಜ್ 10 ಪರ್ಸೆಂಟ್. ಈ ಸರ್ವಿಸ್ ಚಾರ್ಜನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಇಷ್ಟೆಲ್ಲ ಹೇಳಲು ಗಂಟಲು ಸರಿಮಾಡಿಕೊಂಡೆ. ಮೇಜಿನ ಕೆಳಗೆ ಅಕ್ಕನ ಮಗಳು ನನ್ನ ಕಾಲು ತುಳಿದಳು. "ಮಾಮ, ಮಾನ ಕಳೀಬೇಡ. ಎಲ್ಲರೂ ನೋಡ್ತಿದ್ದಾರೆ." ಕತ್ತಲಲ್ಲಿ ಯಾರು ಯಾರನ್ನು ನೋಡುತ್ತಾರೋ! ಕೊಟ್ಟೆ.

ವಾಪಸ್ ಬರುತ್ತಾ ದಾರಿಯಲ್ಲಿ ಒಂದು ದರ್ಶಿನಿ. ಟೋಕನ್ ತಗೊಂಡು, ಬೈ ಟೂ ಹೇಳಿ, ಕಲ್ಲಿನ ಕಟ್ಟೆಗೆ ಮೊಣಕೈ ಊರಿ ನಿಂತೆವು. ನೊರೆ ಬಂದ ಕಾಫಿ, ಬಿಸಿಗೆ ಲೋಟದ ಅಂಚನ್ನಷ್ಟೇ ಹಿಡಿಯಬೇಕು. ಅಕ್ಕನ ಮಗಳಿಗೆ ಏನನ್ನಿಸಿತೋ, ಫೋಟೋಗೆ ಅಂತ ಲೋಟವನ್ನು ಬೆಳಕಿಗೆ ಸರಿಸಿದಳು.

"ಮೇಡಂ, ಬೇಗ ಕುಡೀರಿ," ಅಂದ ಕಟ್ಟೆ ಒರೆಸುವ ಹುಡುಗ. "ಹಿಂದೆ ಜನ ನಿಂತಿದ್ದಾರೆ."