ಜಾರುಬಂಡೆಗೆ ರ‍್ಯಾಂಪ್ ಎಂದು ಹೆಸರು

ನಮ್ಮ ಶಾಲೆಗಳ ಜಗುಲಿಗೆ ಸಾಮಾನ್ಯವಾಗಿ ಮೂರು ಮೆಟ್ಟಿಲು. ಒಂದೊಂದು 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಟ್ಟು ಎತ್ತರ 45. ಗಾಲಿಕುರ್ಚಿಗೆ ಬೇಕಾದ ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. 45 ಅನ್ನು 12ರಿಂದ ಗುಣಿಸಿದರೆ 5.4 ಮೀಟರ್. ಇಂಥ ಲೆಕ್ಕವನ್ನು ಅದೇ ಶಾಲೆಯ ಕಪ್ಪುಹಲಗೆಯ ಮೇಲೆ ಪ್ರತಿವರ್ಷ ಬಿಡಿಸುತ್ತಾರೆ. ಆದರೆ ಹಲಗೆಯಿಂದ ಅಂಗಳಕ್ಕೆ ಇಳಿಯುವಷ್ಟರಲ್ಲಿ 5.4 ಮೀಟರ್ ಸವೆದು ಒಂದೂವರೆ ಮೀಟರ್ ಆಗಿರುತ್ತದೆ. ಮೇಸ್ತ್ರಿ ಮೆಟ್ಟಿಲ ಮೇಲೆಯೇ ನಾಲ್ಕು ಬಾಂಡ್ಲಿ ಕಾಂಕ್ರೀಟ್ ಸುರಿದು, ಕರಣೆಯಲ್ಲಿ ನುಣ್ಣಗೆ ತೀಡಿ, ಬಿಲ್ಲಿಗೊಂದು ಫೋಟೊ ತೆಗೆಸಿಕೊಂಡು ಹೋಗುತ್ತಾನೆ. ಮಾಹಿತಿ ನಮೂನೆಯಲ್ಲಿ ‘ರ‍್ಯಾಂಪ್ ಇದೆಯೇ?’ ಎಂಬ ಕಾಲಂ ಇರುತ್ತದೆ. ‘ಹತ್ತಬಹುದೇ?’ ಎಂಬ ಕಾಲಂ ಇರುವುದಿಲ್ಲ.

ಅದರ ಮೇಲೆ ಗಾಲಿಕುರ್ಚಿ ಹತ್ತುವುದೇ ಇಲ್ಲ ಎಂದರೆ ಅಪವಾದವಾದೀತು. ಹಿಂದೊಬ್ಬರು ತಳ್ಳಿ, ಮುಂದೊಬ್ಬರು ಕಾಲ್ಹಲಗೆ ಅದುಮಿ ಹಿಡಿದರೆ ಹತ್ತುತ್ತದೆ. ಒಬ್ಬರೇ ಆದರೆ ಮುಂದಿನ ಚಿಕ್ಕ ಗಾಲಿಗಳು ಮೇಲೆದ್ದು ಕುರ್ಚಿ ಮಗುವಿನ ಸಮೇತ ಹಿಂದಕ್ಕೆ ಮಗುಚುತ್ತದೆ. ಎರಡೂ ಬದಿ ಹಿಡಿಕಂಬಿ ಇರಬೇಕು. ಅದಕ್ಕೆ ‘ಮುಂದಿನ ಅನುದಾನ’. ಮೇಲೆ ತಲುಪಿದ ಕುರ್ಚಿ ಬಾಗಿಲ ಕಡೆ ತಿರುಗಲು ಒಂದೂವರೆ ಮೀಟರ್ ಸಮತಟ್ಟು ಜಾಗ ಬೇಕು. ಅಲ್ಲಿ ಇಕೋ ಕ್ಲಬ್ಬಿನ ಹೂಕುಂಡ. ಕುಂಡ ಸರಿಸಿದರೆ ಎರಡಂಗುಲದ ಹೊಸ್ತಿಲು. ನುಣ್ಣಗೆ ತೀಡಿದ ಸಿಮೆಂಟಿಗೆ ಮೊದಲ ಮಳೆಗೇ ಪಾಚಿ ಹಿಡಿಯುತ್ತದೆ. ಉಳಿದ ಮಕ್ಕಳು ಅದನ್ನು ಜಾರುಬಂಡೆ ಮಾಡಿಕೊಂಡಿದ್ದಾರೆ. ಇಂಜಿನಿಯರರಿಗಿಂತ ಅವರಿಗೇ ಅದರ ಉದ್ದೇಶ ಚೆನ್ನಾಗಿ ತಿಳಿದಿದೆ.

ಚುನಾವಣೆ ಬಂತೆನ್ನಿ, ಅದೇ ಶಾಲೆ ಮತಗಟ್ಟೆ. ರಾತ್ರೋರಾತ್ರಿ ಹಲಗೆಯ ರ‍್ಯಾಂಪ್, ಗಾಲಿಕುರ್ಚಿ, ತಳ್ಳಲು ಸ್ವಯಂಸೇವಕರು ಎಲ್ಲ ಪ್ರತ್ಯಕ್ಷ. ಮತ ಬಿದ್ದ ಮರುದಿನ ಎಲ್ಲವೂ ತಾಲ್ಲೂಕು ಕಚೇರಿಗೆ ವಾಪಸ್. ಹತ್ತು ವರ್ಷದ ಹುಡುಗಿ ಇನ್ನೆಂಟು ವರ್ಷ ಕಾದರೆ ತನ್ನ ಶಾಲೆಯೊಳಗೆ ಸಲೀಸಾಗಿ ಹೋಗಬಹುದು, ಐದು ವರ್ಷಕ್ಕೊಮ್ಮೆ.

ಕಾನೂನು ಇಲ್ಲವೆಂದೇನೂ ಅಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಪಾಸಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21. ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಪಡಿಸಲು ನಿಯಮ ಹೊರಟ ದಿನದಿಂದ ಐದು ವರ್ಷ ಗಡುವು ಕೊಟ್ಟಿತ್ತು. ಆ ಗಡುವು 2022ರ ಜೂನ್‌ನಲ್ಲಿ ಸದ್ದಿಲ್ಲದೆ ತೀರಿಕೊಂಡಿತು, ತಿಥಿಗೂ ಯಾರೂ ಬರಲಿಲ್ಲ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಹೆಸರೊಂದು ಮಾತ್ರ ಯಾವ ರ‍್ಯಾಂಪೂ ಇಲ್ಲದೆ ಮೇಲೇರುತ್ತಲೇ ಇದೆ.

ಖಾಸಗಿ ಶಾಲೆಯವರು ಸಿಮೆಂಟಿನ ಗೊಡವೆಗೇ ಹೋಗುವುದಿಲ್ಲ. ‘ನಮ್ಮಲ್ಲಿ ಫೆಸಿಲಿಟಿ ಇಲ್ಲ ಮೇಡಂ, ಆಮೇಲೆ ನಿಮ್ಮ ಮಗೂಗೇ ಕಷ್ಟ ಆಗುತ್ತೆ’ ಎಂದು ಕಾಫಿ ಕೊಟ್ಟು ಕಳಿಸುತ್ತಾರೆ. ಕಾಯ್ದೆಯ 16ನೇ ಸೆಕ್ಷನ್ ಅನುದಾನ ಪಡೆದ ಶಾಲೆಗಷ್ಟೇ ಅಲ್ಲ, ಮಾನ್ಯತೆ ಪಡೆದ ಶಾಲೆಗೂ ಅನ್ವಯಿಸುತ್ತದೆ. ಸೌಲಭ್ಯ ಮಾಡಿಕೊಡಬೇಕಾದದ್ದು ಶಾಲೆ. ಅದು ಇಲ್ಲದ್ದೇ ಸೀಟು ನಿರಾಕರಿಸಲು ಕಾರಣವಾಗಲಾರದು. ಹೀಗಾಗಿಯೇ ಈ ಮಾತು ಎಂದೂ ಕಾಗದಕ್ಕೆ ಇಳಿಯುವುದಿಲ್ಲ. ‘ಅದನ್ನೇ ಬರೆದು ಸೀಲು ಹಾಕಿ ಕೊಡಿ ಸಾರ್’ ಎಂದು ಕೇಳಿ ನೋಡಿ, ಪ್ರಿನ್ಸಿಪಾಲರಿಗೆ ತಕ್ಷಣ ಮೀಟಿಂಗ್ ನೆನಪಾಗುತ್ತದೆ.

ಕಣ್ಣಿಗೆ ಕಾಣದ ವೈಕಲ್ಯದ ಪಾಡು ಬೇರೆಯೇ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವ ಹೊಣೆಯನ್ನು ಅದೇ 16ನೇ ಸೆಕ್ಷನ್ ಶಾಲೆಯ ತಲೆಗೆ ಕಟ್ಟಿದೆ. ಶಾಲೆ ಗುರುತಿಸುತ್ತದೆ, ‘ಸೋಮಾರಿ’, ‘ಗಮನ ಕೊಡಲ್ಲ’, ‘ಮನೇಲಿ ಓದಿಸಿ’ ಎಂದು ಡೈರಿಯಲ್ಲಿ ಕೆಂಪಿಂಕಿನಲ್ಲಿ ಬರೆಯುತ್ತದೆ. ಒತ್ತಕ್ಷರ ಬಿಟ್ಟು ಬರೆಯುವ, ‘ದ’ಕ್ಕೂ ‘ಧ’ಕ್ಕೂ ಐದನೇ ತರಗತಿಯಲ್ಲೂ ವ್ಯತ್ಯಾಸ ಕಾಣದ ಹುಡುಗನಿಗೆ ನೂರು ಸಲ ಕಾಪಿ ಬರೆಯುವ ಚಿಕಿತ್ಸೆ. ಈ ನ್ಯೂನತೆ ಪತ್ತೆಹಚ್ಚಲು ನಿಮ್ಹಾನ್ಸ್ ರೂಪಿಸಿದ ಪ್ರಶ್ನಾಗುಚ್ಛವೇ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಅದು ನಮ್ಮದೇ ಜಿಲ್ಲಾಸ್ಪತ್ರೆಯಲ್ಲಿ ತನ್ನನ್ನು ಬಳಸಬಲ್ಲ ಮನಶ್ಶಾಸ್ತ್ರಜ್ಞರಿಗಾಗಿ ಕಾಯುತ್ತದೆ. ಕೇಂದ್ರದ 2018ರ ಮಾರ್ಗಸೂಚಿಯಂತೆ ವೈಕಲ್ಯದ ಪ್ರಮಾಣಪತ್ರವನ್ನು 14ನೇ ವಯಸ್ಸಿಗೊಮ್ಮೆ, 18ಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ ಪಡೆಯಬೇಕಿತ್ತು. 18ರಲ್ಲಿ ಕೊಟ್ಟದ್ದು ಮಾತ್ರ ಜೀವನಪೂರ್ತಿ. ಅಲ್ಲಿಯವರೆಗೂ ಓದು ಬರಹದ ತೊಡಕಾದ ಡಿಸ್‌ಲೆಕ್ಸಿಯಾಕ್ಕೆ ಮನಸ್ಸು ಬದಲಾಯಿಸಲು ಸರ್ಕಾರ ಅವಕಾಶ ಕೊಟ್ಟಿತ್ತು.

ದಂಡದ ವಿಚಾರವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕಾಯ್ದೆ ಮುರಿದ ಶಾಲೆಗೆ 89ನೇ ಸೆಕ್ಷನ್ ಪ್ರಕಾರ ಮೊದಲ ಸಲ ಗರಿಷ್ಠ 10,000 ರೂಪಾಯಿ. 5.4 ಮೀಟರ್ ರ‍್ಯಾಂಪಿಗೆ ಕಂಬಿ ಸಮೇತ ಎಷ್ಟಾಗುತ್ತದೆಂದು ಮೇಸ್ತ್ರಿಯನ್ನು ಕೇಳಿ, ದಂಡವೇ ಅಗ್ಗ. ವೈಕಲ್ಯವಿದೆಯೆಂದು ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ 91ನೇ ಸೆಕ್ಷನ್: ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಪಡೆಯಬಾರದ್ದನ್ನು ಪಡೆಯುವುದು ಅಪರಾಧ. ಕೊಡಬೇಕಾದ್ದನ್ನು ಕೊಡದಿರುವುದು ಬಜೆಟ್ಟಿನ ಒಂದು ಬಾಬ್ತು.

ಇಷ್ಟನ್ನೂ ದಾಟಿ ಪರೀಕ್ಷೆಯವರೆಗೆ ಬಂದ ಮಗುವಿಗೆ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ ಬೇಕು. ಶೇಕಡಾ 40 ವೈಕಲ್ಯವಿದ್ದರಷ್ಟೇ ಕೊಡುತ್ತೇವೆ ಎನ್ನುವ ಹಾಗಿಲ್ಲವೆಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಹೇಳಿತು. ಬರೆಯಲಾಗದ ಕೈ 39 ಇದ್ದರೂ ಬರೆಯಲಾರದು, ಇದನ್ನು ಹೇಳಲು ದೇಶದ ಅತ್ಯುಚ್ಚ ನ್ಯಾಯಾಲಯವೇ ಬೇಕಾಯಿತು. 40ಕ್ಕಿಂತ ಕಡಿಮೆಯವರಿಗೆಂದು 2022ರ ಆಗಸ್ಟ್ 10ರಂದು ಮಾರ್ಗಸೂಚಿಯೂ ಬಂತು. ಆದರೆ ಗುಮಾಸ್ತರ ಮೇಜಿನ ಗಾಜಿನ ಕೆಳಗಿರುವುದು ಹಳೆಯ ಸುತ್ತೋಲೆ, ಮತ್ತು ನಲವತ್ತು ಎಂಬ ಸಂಖ್ಯೆ ಅವರಿಗೆ ಬಾಯಿಪಾಠ.

ಸ್ವಂತ ಲಿಪಿಕಾರನನ್ನು ಕರೆತಂದರೆ ಆತ ಒಂದು ಹಂತ ಕೆಳಗಿನ ವಿದ್ಯಾರ್ಹತೆಯವನಾಗಿರಬೇಕು ಎಂದಿತ್ತು ಕೇಂದ್ರದ 2018ರ ಇನ್ನೊಂದು ಮಾರ್ಗಸೂಚಿ. ಉತ್ತರ ಹೇಳಿಕೊಡದಿರಲಿ ಎಂಬ ಎಚ್ಚರ, ಸರಿಯೇ. ಹಾಗಾಗಿ ಎಸ್ಸೆಸ್ಸೆಲ್ಸಿ ಹುಡುಗಿಯ ಪಕ್ಕದಲ್ಲಿ ಒಂಬತ್ತರ ಹುಡುಗ ಕೂರುತ್ತಾನೆ. ಅವಳು ‘ಸೈನ್ ಥೀಟಾ’ ಎಂದರೆ ಅವನು ಅದನ್ನು ನೋಡಿಯೇ ಇಲ್ಲ, ಕನ್ನಡ ಅಕ್ಷರದಲ್ಲಿ ಬರೆದಿಡುತ್ತಾನೆ. ವರ್ಗಮೂಲ, ಘಾತ, ಬ್ರಾಕೆಟ್ಟು ಎಲ್ಲಿ ಮುಚ್ಚುತ್ತದೆ ಎಂಬುದನ್ನೆಲ್ಲ ಬಾಯಲ್ಲೇ ಚಿತ್ರಿಸಬೇಕು. ಪರೀಕ್ಷೆ ನಡೆಸುವವರೇ ಲಿಪಿಕಾರನನ್ನು ಕೊಟ್ಟರೆ ಎರಡು ದಿನ ಮೊದಲೇ ಇಬ್ಬರೂ ಭೇಟಿಯಾಗಲು ಬಿಡಬೇಕೆಂದು ಮಾರ್ಗಸೂಚಿ ಹೇಳಿದ್ದು ಇದಕ್ಕೇ. ಆ ಎರಡು ದಿನದಲ್ಲಿ ಚಿಹ್ನೆಗಳ ಪಟ್ಟಿಯೊಂದನ್ನು ಕೂತು ತಿದ್ದಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ಲಿಪಿಕಾರನ ಹೆಸರು ಅಂತಿಮವಾಗುವುದು ಹಿಂದಿನ ದಿನ ಸಂಜೆ ಐದಕ್ಕೆ.

ಪರೀಕ್ಷಾ ಕೊಠಡಿ ಸಾಧ್ಯವಾದಷ್ಟೂ ನೆಲಮಹಡಿಯಲ್ಲಿರಲಿ ಎಂದೂ ಅದೇ ಮಾರ್ಗಸೂಚಿಯಲ್ಲಿ ಬರೆದಿತ್ತು. ನೆಲಮಹಡಿಯಲ್ಲಿ ಪ್ರಶ್ನೆಪತ್ರಿಕೆ ಕಾಯುವ ಕಸ್ಟೋಡಿಯನ್, ನಕಲು ಹಿಡಿಯುವ ಸ್ಕ್ವಾಡ್, ಅವರ ಉಪ್ಪಿಟ್ಟು. ಪ್ರತ್ಯೇಕ ಕೊಠಡಿಯೂ ಕೊಡದಿದ್ದರೆ ಉಳಿದವರಿಗೆ ಕೇಳಿಸದಂತೆ ಪಿಸುಗುಡಬೇಕು. ಪಿಸುಗುಟ್ಟಿದರೆ ಮೇಲ್ವಿಚಾರಕರಿಗೆ ಅನುಮಾನ: ‘ಏನ್ರೋ ಅದು ಗುಸುಗುಸು?’

ಪರೀಕ್ಷೆಯ ಸಮಯಕ್ಕೆ ಗಂಟೆಗೆ ಕನಿಷ್ಠ 20 ನಿಮಿಷ ಸೇರಿಸಬೇಕು, ಮೂರು ಗಂಟೆಗೆ 60. ಇದನ್ನು ‘ಹೆಚ್ಚುವರಿ ಸಮಯ’ ಅನ್ನಬೇಡಿ, ‘ಪರಿಹಾರಾತ್ಮಕ ಸಮಯ’ ಅನ್ನಿ ಎಂದು ಮಾರ್ಗಸೂಚಿ ವಿಶೇಷವಾಗಿ ತಾಕೀತು ಮಾಡಿದೆ. ಪದ ಬದಲಾಯಿತು. 2021ರ ನೀಟ್‌ನಲ್ಲಿ ಬರೆಯುವ ತೊಂದರೆಯಿದ್ದ ವಿದ್ಯಾರ್ಥಿನಿಗೆ ಆ ಒಂದು ಗಂಟೆ ಕೊಡದೆಯೇ ಉತ್ತರ ಪತ್ರಿಕೆ ಕಸಿದುಕೊಂಡರು. ಅನ್ಯಾಯವಾಗಿದೆ ಎಂದು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, ಪರಿಹಾರ ಯೋಚಿಸಿ ಎಂದು ಪರೀಕ್ಷಾ ಸಂಸ್ಥೆಗೆ ಹೇಳಿತು, ಮರುಪರೀಕ್ಷೆಗೆ ಮಾತ್ರ ಒಪ್ಪಲಿಲ್ಲ.

ನಮ್ಮ ಕೇಂದ್ರಗಳಲ್ಲಿ ಯಾರೂ ಕಸಿದುಕೊಳ್ಳುವುದಿಲ್ಲ, ನಾವು ಸಂಭಾವಿತರು. ಮೂರು ಗಂಟೆ ಮುಗಿದು ಬೆಲ್ ಆಗುತ್ತದೆ. ಎಲ್ಲ ಮಕ್ಕಳೂ ಗಲಗಲ ಎಂದು ಹೊರಬೀಳುತ್ತಾರೆ. ಜವಾನ ಕಾರಿಡಾರಿನ ಫ್ಯಾನುಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಾನೆ. ಬಂಡಲ್ ಕಟ್ಟಲು ಸೂಜಿ, ದಾರ, ಅರಗು, ಮೇಣದಬತ್ತಿ ಮೇಜಿಗೆ ಬರುತ್ತವೆ. ಒಂದು ಪತ್ರಿಕೆ ಕಡಿಮೆ. ಮೇಲ್ವಿಚಾರಕರು ಬಂದು ಅವಳ ಡೆಸ್ಕಿನ ಪಕ್ಕ ನಿಂತು ವಾಚ್ ನೋಡಿಕೊಳ್ಳುತ್ತಾರೆ. ‘ನಿಧಾನಕ್ಕೆ ಬರೆಯಮ್ಮ, ಅವಸರ ಏನಿಲ್ಲ’ ಎನ್ನುತ್ತಾರೆ. ಎರಡು ನಿಮಿಷ ಬಿಟ್ಟು, ‘ಆಯ್ತಾ?’