ಕಡಲ ದಾರಿಗೂ ಒಂದು ಗುಂಡುತೋಪು ಬೇಕು

ಕ್ಯಾರವಾನ್ ಬಾಡಿಗೆಗೆ ತಗೊಂಡು ಕರಾವಳಿಗೆ ಹೊರಟಿದ್ದೀವಿ ಅಂದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. "ಯಾಕೆ, ಅಲ್ಲಿ ಲಾಡ್ಜ್ ಇಲ್ವಾ?"

ಇವೆ. ಆದರೆ ಅವ್ವನಿಗೆ 68 ವರ್ಷ. ಮಂಡಿನೋವು. ಗಂಟೆಗೊಮ್ಮೆ ಕಾಲು ಚಾಚಿ ಮಲಗಬೇಕು, ಮಧ್ಯಾಹ್ನಕ್ಕೆ ಮುದ್ದೆ ಬೇಕು. ಇಲ್ಲಿಯವರೆಗೆ ಅವಳು ಸಮುದ್ರವನ್ನೇ ನೋಡಿರಲಿಲ್ಲ. ಮಲಗೋಕೆ ಜಾಗ, ಒಲೆ, ಕಕ್ಕಸು ಎಲ್ಲ ಇರುವ ಗಾಡಿಯಾದರೆ ಮಾತ್ರ ಅವಳು ಬರೋಕೆ ಸಾಧ್ಯ ಅಂತ ಹೆಂಡತಿಯೇ ಲೆಕ್ಕ ಹಾಕಿದ್ದು. ಅವಳ ಲೆಕ್ಕ ಸರಿಯಾಗಿತ್ತು.

ಮಂಡ್ಯದ 275ನೇ ನಂಬರಿನ ಹೆದ್ದಾರಿಯೇ ಮೈಸೂರು, ಹುಣಸೂರು, ಮಡಿಕೇರಿ, ಪುತ್ತೂರು ದಾಟಿ ಬಂಟ್ವಾಳ ಮುಟ್ಟುತ್ತದೆ. ಸಂಪಾಜೆ ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿದೆವು. ಪ್ರತಿ ತಿರುವಿನಲ್ಲೂ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಮಡಿಕೇರಿಯ ಈಚೆ ಬಿದ್ದ ಮಳೆ ಕಾವೇರಿ ಸೇರಿ ನಮ್ಮ ಕನ್ನಂಬಾಡಿಗೆ ಬರುತ್ತದೆ, ಸಂಪಾಜೆ ಕಡೆ ಬಿದ್ದದ್ದು ಪಯಸ್ವಿನಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ ಅಂತ ಮಕ್ಕಳಿಗೆ ಹೇಳಿದೆ. ಮಗಳು ಕಿಟಕಿಗೆ ಮೂಗು ಒತ್ತಿ, ಎಲ್ಲಿಂದ ಬೇರೆಯಾಗುತ್ತದೆ ಅಂತ ಹುಡುಕುತ್ತಾ ಕೂತಳು.

ಸಂಜೆ ಹೊತ್ತಿಗೆ ಕಡಲು ಕಂಡಿತು. ಅವ್ವ ತುಂಬಾ ಹೊತ್ತು ಮಾತಾಡಲಿಲ್ಲ. ಅಲೆ ಬಂದು ಕಾಲು ತೊಳೆದು ಹೋದಾಗ ಬಗ್ಗಿ ಒಂದು ಹನಿ ನಾಲಿಗೆಗೆ ಇಟ್ಟುಕೊಂಡಳು. "ಇಷ್ಟು ನೀರಿದ್ರೂ ಒಂದು ಬೊಗಸೆ ಕುಡಿಯೋಕಾಗಲ್ವಲ್ಲಪ್ಪ" ಅಂದಳು. ನಾಲೆಗೆ ನೀರು ಯಾವತ್ತು ಬಿಡ್ತಾರೆ ಅಂತ ಕಾದು ಕಾದು ಬಾಳಿದವಳು ಅವಳು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಕಷ್ಟ ಶುರುವಾದದ್ದು ಕತ್ತಲಾದ ಮೇಲೆ. ಒಂದು ಬೀಚಿನ ಪಾರ್ಕಿಂಗಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸಿದ್ದೆವು. ರಾತ್ರಿ ಹತ್ತೂವರೆಗೆ ಕಾವಲಿನವರು ಬಾಗಿಲು ತಟ್ಟಿದರು. ರಾತ್ರಿ ಇಲ್ಲಿ ನಿಲ್ಲಿಸುವಂತಿಲ್ಲ, ತೆಗೀರಿ ಅಂದರು. ಅವರ ಕೆಲಸ ಅವರು ಮಾಡಿದರು, ನನಗೆ ಸಿಟ್ಟಿಲ್ಲ. ಆದರೆ ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಅವರಲ್ಲೂ ಉತ್ತರ ಇರಲಿಲ್ಲ. ಮಲಗಿದ್ದ ಮಕ್ಕಳನ್ನು ಹಾಗೇ ಇಟ್ಟುಕೊಂಡು 66ನೇ ಹೆದ್ದಾರಿಯಲ್ಲಿ ಒಂದು ಗಂಟೆ ಅಲೆದೆವು. ಒಳದಾರಿಗೆ ಹೋದರೆ ಗಾಡಿಯ ಎತ್ತರಕ್ಕೆ ಕರೆಂಟ್ ವೈರು ತಾಗುವ ಭಯ. ಕೊನೆಗೆ ಒಂದು ಪೆಟ್ರೋಲ್ ಬಂಕಿನಲ್ಲಿ, ಲಾರಿಗಳ ಮಧ್ಯೆ ಬೆಳಗು ಮಾಡಿದೆವು. ಹೆಂಡತಿ, ಅವ್ವ ಇಬ್ಬರೂ ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಬಂಕಿನವರು ಒಪ್ಪಿದ್ದಕ್ಕೆ ಬೆಳಗ್ಗೆ ಕಕ್ಕಸಿನ ಟ್ಯಾಂಕು ಅಲ್ಲೇ ಖಾಲಿಯಾಯಿತು. ಒಪ್ಪದಿದ್ದರೆ? ಇಂಥ ಗಾಡಿಗಳು ಜಾಸ್ತಿಯಾದರೆ ಕೆಲವರು ಅದನ್ನು ಸುಮ್ನೆ ಹೊಳೆಗೋ ಕಡಲಿಗೋ ಬಿಟ್ಟುಬಿಡುತ್ತಾರೆ. ನನಗೆ ನಿಜವಾದ ಹೆದರಿಕೆ ಅದು.

ಎರಡನೇ ರಾತ್ರಿ ಮರವಂತೆ ಹತ್ತಿರ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ನೀರು ಕೇಳೋಕೆ ಅಂತ ಒಂದು ಮನೆ ಮುಂದೆ ನಿಂತೆವು. ಆ ಮನೆಯಮ್ಮ ಮೊದಲು ಬೆಲ್ಲ, ನೀರು ತಂದುಕೊಟ್ಟರು. "ಇಲ್ಲೇ ನಿಲ್ಲಿಸಿ ಮಾರಾಯ್ರೆ, ಜಾಗ ಉಂಟು, ಬಾವಿ ಉಂಟು" ಅಂದರು. ಅವ್ವ ಬೆಲ್ಲ ಬಾಯಿಗಿಟ್ಟುಕೊಂಡು ಗಾಡಿಗೆ ಹೋದಳು. ಊರಿಂದ ತಂದಿದ್ದ ಅಚ್ಚುಬೆಲ್ಲದ ಪೊಟ್ಟಣ ಬಿಚ್ಚಿ ಅವರ ಕೈಗೆ ಕೊಟ್ಟಳು. ರಾತ್ರಿ ನಮ್ಮ ಮುದ್ದೆಗೆ ಅವರ ಮನೆಯ ಬಂಗುಡೆ ಸಾರು. ತೆಂಗಿನ ತೋಟದಲ್ಲಿ ಗಾಡಿ, ಬಾಗಿಲು ತೆರೆದರೆ ಅಲೆ ಸದ್ದು. ಅವ್ವ ಗೊರಕೆ ಹೊಡೆದು ನಿದ್ದೆ ಮಾಡಿದಳು.

ಬೆಳಗ್ಗೆ ಕಾಫಿ ಕುಡಿಯುವಾಗ ಅವ್ವ ಹೇಳಿದಳು, "ನಿಮ್ಮ ತಾತ ಮುಡುಕುತೊರೆ ಜಾತ್ರೆಗೆ ಹಿಂಗೇ ಕರ್ಕೊಂಡು ಹೋಗೋರು ಕಣಪ್ಪ." ಕಮಾನು ಗಾಡಿ, ಹುಲ್ಲಿನ ಮೇಲೆ ಜಮಖಾನ, ಗಾಡಿ ಕೆಳಗೆ ಲಾಟೀನು. ದಾರಿಯಲ್ಲಿ ಕತ್ತಲಾದರೆ ಊರ ಗುಂಡುತೋಪು. ಮರದ ನೆರಳು, ಪಕ್ಕದಲ್ಲಿ ಕಟ್ಟೆ, ಎತ್ತಿಗೆ ನೀರು. ಯಾರೂ ಎಬ್ಬಿಸುತ್ತಿರಲಿಲ್ಲ. ಮನೆಯನ್ನೇ ಗಾಡಿಗೆ ಹಾಕಿಕೊಂಡು ಹೋಗುವುದು ನಮಗೆ ಹೊಸದಲ್ಲ, ಅಲ್ವಾ? ಇವತ್ತಿಗೂ ನಮ್ಮ ಕಡೆಯ ಟೆಂಪೊಗಳು ಗ್ಯಾಸು, ಪಾತ್ರೆ ಹಾಕಿಕೊಂಡು ಧರ್ಮಸ್ಥಳಕ್ಕೆ ಹೋಗುತ್ತವೆ. ದಾರಿ ಬದಿಯಲ್ಲೇ ಅಡುಗೆಯಾಗುತ್ತದೆ. ಹೆಣ್ಣುಮಕ್ಕಳು ಮಾತ್ರ ಮರೆ ಹುಡುಕಿಕೊಂಡು ಅಲೆಯುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ. ಉಳ್ಳಾಲದಿಂದ ಕಾರವಾರದವರೆಗೆ ಅಲ್ಲಲ್ಲಿ ಒಂದೊಂದು ತೋಪು ಬೇಕು. ಮರಳಿನ ಮೇಲೆ ಖಂಡಿತ ಬೇಡ. ಪಡುಬಿದ್ರಿ, ಹೊನ್ನಾವರ ಹತ್ತಿರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅಂತ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅನುಮತಿಯಿಲ್ಲದೆ ಬೀಚಿನಲ್ಲಿ ಗಾಡಿ ಓಡಿಸುವುದು, ಡೇರೆ ಹಾಕುವುದು ಆ ನಿಯಮಕ್ಕೆ ವಿರುದ್ಧ. ಸರಿಯಾದ ನಿಯಮ. ಚಳಿಗಾಲದಲ್ಲಿ ಹೊನ್ನಾವರದ ಕಡೆ ಕಡಲಾಮೆಗಳು ಮರಳಿಗೆ ಬಂದು ಮೊಟ್ಟೆ ಇಡುತ್ತವೆ. ನಮ್ಮ ಗಾಡಿಯ ದೀಪ ಕಂಡರೆ ಮರಿಗಳು ಕಡಲು ಬಿಟ್ಟು ರಸ್ತೆ ಕಡೆಗೆ ಹೋಗುತ್ತವೆ. ತೋಪು ಹೆದ್ದಾರಿಯ ಒಳಬದಿಗಿರಲಿ. ಹತ್ತು ಗಾಡಿ ನಿಲ್ಲುವಷ್ಟು ಜಾಗ, ಒಂದು ನಲ್ಲಿ, ರಾತ್ರಿಯೂ ತೆರೆದಿರುವ ಕಕ್ಕಸು, ಟ್ಯಾಂಕು ಖಾಲಿ ಮಾಡೋಕೆ ಒಂದು ಗುಂಡಿ, ಕರೆಂಟಿಗೆ ಒಂದು ಪ್ಲಗ್ಗು. ದುಡ್ಡು ಕೊಡೋಕೆ ನಾವು ತಯಾರು. ಪಂಚಾಯ್ತಿ ನೋಡಿಕೊಂಡರೆ ಹಣ ಆ ಊರಲ್ಲೇ ಉಳಿಯುತ್ತದೆ. ಸಾರು ಮಾಡಿ ಮಾರುವ ಹೆಂಗಸರಿಗೂ ನಾಲ್ಕು ಕಾಸು ಸಿಗುತ್ತದೆ. ಮರವಂತೆಯ ಆ ಅಮ್ಮ ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಅವರ ಒಳ್ಳೆಯ ಮನಸ್ಸನ್ನೇ ನಂಬಿಕೊಂಡು ಎಷ್ಟು ಗಾಡಿ ಹೋಗೋಕಾಗುತ್ತೆ?

ಕರಾವಳಿಯ ಗೆಳೆಯರೇ, ನಿಮ್ಮೂರಲ್ಲಿ ಇಂಥ ಜಾಗ ಇದ್ದರೆ ತಿಳಿಸಿ. ಪಂಚಾಯ್ತಿಯಲ್ಲಿ ಇರುವವರು ದಯವಿಟ್ಟು ಯೋಚನೆ ಮಾಡಿ. ನಾವು ಫೆಬ್ರವರಿಯಲ್ಲಿ ಮತ್ತೆ ಹೊರಡುತ್ತೇವೆ. ಮರವಂತೆಯ ಅಮ್ಮನಿಗೆ ಅಂತ ಅವ್ವ ಈಗಲೇ ಎರಡು ಕೇಜಿ ಅಚ್ಚುಬೆಲ್ಲ ತೆಗೆದಿಟ್ಟಿದ್ದಾಳೆ.